ದೆವ್ವಕ್ಕೆ ಕಾಲು ಹೊಲಿದದ್ದು

ಮೊನ್ನೆ ನಮ್ಮ ಮಂಗಳೂರಿನ ಅಪಾರ್ಟ್‌ಮೆಂಟಿನ ಮಕ್ಕಳು ಹ್ಯಾಲೋವೀನ್ ಮಾಡುತ್ತೇವೆಂದು ದೊಡ್ಡ ಪೆಟ್ಟಿಗೆಯೊಂದನ್ನು ತರಿಸಿದರು. ತೆರೆದ ಕೂಡಲೇ ಗಪ್ಪನೆ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಒಳಗೆ ಹಲ್ಲು ಕಿರಿಯುವ ಕುಂಬಳಕಾಯಿಗಳು, ನೈಲಾನಿನ ಜೇಡರ ಬಲೆ, ಒಂದು ಕಟ್ಟು ಕೆಂಪೆಲೆ. ಗೇಟಿನ ಹತ್ತಿರದ ಬಾದಾಮಿ ಮರದ ಕೆಂಪೆಲೆಗಳನ್ನು ದಿನಾ ಗುಡಿಸಿ ಬಿಸಾಡುವ ನಾವು ದುಡ್ಡು ಕೊಟ್ಟು ಎಲೆ ತರಿಸಿದ್ದೇವಲ್ಲ ಎಂದು ನನಗೆ ಉರಿದುಹೋಯಿತು. ಆದರೆ ಬಾಯಿ ತೆರೆಯಲಿಲ್ಲ. ತೆರೆದರೆ "ಅಜ್ಜಿ ಶುರು ಮಾಡಿದ್ರು" ಎನ್ನುತ್ತಾರೆ. ನಿಮ್ಮ ಹತ್ತಿರವಾದರೆ ಹೇಳಬಹುದು. ನೀವು ಅರ್ಧಕ್ಕೆ ಎದ್ದು ಹೋದರೂ ನನಗೆ ಕಾಣುವುದಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮಸ್ಕತ್ತಿನ ರೂವಿಯಲ್ಲಿದ್ದೆವು. ಗಂಡನಿಗೆ ಮರುಭೂಮಿಯ ಎಣ್ಣೆ ಕ್ಯಾಂಪಿನಲ್ಲಿ ಕೆಲಸ. ಮೂರು ವಾರ ಅಲ್ಲಿ, ಒಂದು ವಾರ ಮನೆ. ಆ ಮೂರು ವಾರ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ನಾನೋ ಹುಟ್ಟು ಪುಕ್ಕಲಿ. ಹಟ್ಟಹಗಲಿನಲ್ಲಿ ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೂ ಎದೆ ಡವಡವ. ಹೊರಡುವಾಗ ಇವರು "ಹೆದರಿಕೆ ಆಗ್ತದಾ?" ಎಂದು ಕೇಳಿದರೆ "ನನಗೆಂತ ಹೆದರಿಕೆ?" ಎಂದು ಜಂಬ ಕೊಚ್ಚುತ್ತಿದ್ದೆ.

ಅದಕ್ಕೇ, ಮದೀನತ್ ಸುಲ್ತಾನ್ ಖಾಬೂಸ್ ಎಂಬ ಬಡಾವಣೆಯ ಒಂದು ಶಿಶುವಿಹಾರದಲ್ಲಿ ಸಹಾಯಕಿಯ ಕೆಲಸ ಸಿಕ್ಕಿದಾಗ ನನಗೆ ಹೋದ ಜೀವ ಬಂದ ಹಾಗಾಯಿತು. ಮೂರು ತಿಂಗಳು ನೋಡಿ ಆಮೇಲೆ ಖಾಯಂ ಎಂದಿದ್ದರು. ಖಾಯಂ ಆಗದಿದ್ದರೆ ಮತ್ತೆ ಅದೇ ಫ್ಲ್ಯಾಟು, ಅದೇ ನಲ್ಲಿ. ಮಕ್ಕಳ ಮೂಗು ಒರೆಸುವುದಕ್ಕೆ ನನ್ನಷ್ಟು ಆಸೆಪಟ್ಟವರು ಇಡೀ ಒಮಾನಿನಲ್ಲಿ ಇರಲಿಕ್ಕಿಲ್ಲ.

ಮೂರನೆಯ ತಿಂಗಳು ಅಕ್ಟೋಬರ್. ಶಿಶುವಿಹಾರದ ಒಡತಿ ಇಂಗ್ಲಿಷ್ ಮೇಡಮ್ಮು ಲಂಡನ್ನಿನ ಕ್ಯಾಟಲಾಗ್ ತೋರಿಸಿ, ಹ್ಯಾಲೋವೀನ್ ಎಂಬ ದೆವ್ವದ ಹಬ್ಬದ ಈ ಅಲಂಕಾರವೆಲ್ಲ ತರಿಸಲು ಕೈಗೆಟುಕದಷ್ಟು ದುಬಾರಿ ಎಂದು ನಿಟ್ಟುಸಿರು ಬಿಟ್ಟರು. ನನ್ನ ನಾಲಿಗೆ ನನಗಿಂತ ಮುಂದೆ ಓಡಿತು. "ನಾನು ಮನೆಯಲ್ಲೇ ಮಾಡಿ ತರುತ್ತೇನೆ ಮೇಡಂ." ಆ ಹಬ್ಬದ ಹೆಸರನ್ನು ನಾನು ಕೇಳಿದ್ದೇ ಅಂದು.

ಪಕ್ಕದ ಫ್ಲ್ಯಾಟಿನ ಸುಲೋಚನಕ್ಕ ಉಡುಪಿಯವರು. ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು.

"ಎಂತ ಮಾರಾಯ್ತಿ, ಹೆದರಿ ಸಾಯುವವಳು ದೆವ್ವ ಹೊಲಿಯುದಾ? ಹೊಲಿ. ಭೂತ ಅಂತ ಮಾತ್ರ ಹೇಳ್ಬೇಡ, ನಮಗದು ಕೈಮುಗಿಯುವ ಹೆಸರು."

ನಕ್ಕರೂ ಕೈಜೋಡಿಸಿದರು. ಊದಿದ ಬೆಲೂನಿಗೆ ಮೈದಾ ಅಂಟಿನಲ್ಲಿ ಪೇಪರ್ ಚೂರು ಮೆತ್ತಿ ಒಣಗಿಸಿದೆವು. ಅರಿಸಿನಕ್ಕೆ ಚಿಟಿಕೆ ಅಡುಗೆ ಸೋಡ ಬೆರೆಸಿ ಬಳಿದಾಗ ಅವು ಚಂದದ ಕೇಸರಿ ಕುಂಬಳಕಾಯಿಗಳಾದವು. ರಸ್ತೆ ಬದಿಯ ಬಾದಾಮಿ ಎಲೆಗಳನ್ನು ಹೆಕ್ಕಿ, ಪೇಪರಿನ ನಡುವೆ ಇಟ್ಟು ಇಸ್ತ್ರಿ ಹಾಕಿ, ದಾರಕ್ಕೆ ಪೋಣಿಸಿದೆವು. ಎಲೆ ಹೆಕ್ಕುವ ನನ್ನನ್ನು ನೋಡಿ ಟ್ಯಾಕ್ಸಿಯವನೊಬ್ಬ ನಿಲ್ಲಿಸಿ, ಏನು ಕಳೆದುಕೊಂಡಿರಿ ಎಂದು ಕೇಳಿದ್ದೂ ಉಂಟು.

ಕೊನೆಗೆ ಸುಲೋಚನಕ್ಕನ ಗಂಡನ ಹಳೆಯ ಪಂಚೆಯಿಂದ ಆರು ದೆವ್ವಗಳು. ಕ್ಯಾಟಲಾಗಿನ ದೆವ್ವಗಳಿಗೆ ಕಾಲೇ ಇರಲಿಲ್ಲ. ಬಟ್ಟೆ ಉಳಿಸಲು ಕಂಪನಿಯವರು ಮಾಡಿದ ಮೋಸ ಎಂದುಕೊಂಡೆ. ನಾನು ಮೋಸ ಮಾಡುವವಳಲ್ಲ. ಹನ್ನೆರಡು ಕಾಲು ಹೊಲಿದೆ. ದೆವ್ವದ ಪಾದ ಹಿಂದುಮುಂದಾಗಿರುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬೆರಳುಗಳನ್ನೆಲ್ಲ ಹಿಂದಕ್ಕೆ ತಿರುಗಿಸಿಯೇ ಹೊಲಿದೆ.

ಬುಧವಾರ, ಅಲ್ಲಿ ಗುರುವಾರ ಶುಕ್ರವಾರ ರಜೆಯಾದ್ದರಿಂದ ವಾರದ ಕೊನೆಯ ದಿನ, ಅವನ್ನು ತರಗತಿಯ ಬಾಗಿಲ ಮೇಲೆ ಮಕ್ಕಳ ಕಡೆ ಮುಖ ಮಾಡಿ ನೇತುಹಾಕಿದೆ. ಮೇಡಮ್ಮು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಇದೇನು, ಕಾಲುಗಳು?"

"ನಮ್ಮ ದೆವ್ವಗಳಿಗೆ ಹಾಗೇ ಮೇಡಂ, ಹಿಂದಕ್ಕೆ," ಎಂದೆ. ಅಷ್ಟರಲ್ಲಿ ಪೀಟರ್ ಎಂಬ ಮೂರು ವರ್ಷದ ಪೋರ ತಲೆಯೆತ್ತಿ ನೋಡಿದವನೇ ಕಿಟಾರನೆ ಕಿರುಚಿದ. ಅವನನ್ನು ನೋಡಿ ಇನ್ನಿಬ್ಬರು ರಾಗ ಎಳೆದರು. ಮೇಡಮ್ಮಿನ ಮುಖ ಬಿಗಿಯಿತು. "ದಯವಿಟ್ಟು ಇಳಿಸಿಬಿಡಿ." ನಾನು ಕುರ್ಚಿ ಹತ್ತಿದೆ. ನನ್ನ ಕೆಲಸವನ್ನು ನಾನೇ ಗಂಟು ಬಿಚ್ಚಿ ಇಳಿಸುತ್ತಿದ್ದೇನೆ ಅನ್ನಿಸಿತು.

ಆಗ ಎಮಿಲಿ, ನಾಲ್ಕು ವರ್ಷದ ಮಾತಿನ ಮಲ್ಲಿ, ಪೀಟರನ ಅಂಗಿ ಜಗ್ಗಿದಳು.

"ಅಳಬೇಡ. ಅದರ ಕಾಲು ನೋಡು, ಬಾಗಿಲ ಕಡೆಗಿದೆ. ಅದು ಬರ್ತಾ ಇಲ್ಲ, ವಾಪಸ್ ಮನೆಗೆ ಹೋಗ್ತಿದೆ."

ಪೀಟರ್ ಮೂಗು ಸುರಿಸುತ್ತಲೇ ನೋಡಿದ. ಆಮೇಲೆ ಮೆಲ್ಲಗೆ ಕೈ ಬೀಸಿ ದೆವ್ವಕ್ಕೆ ಟಾಟಾ ಮಾಡಿದ. ಇಡೀ ತರಗತಿ ಟಾಟಾ ಮಾಡಿತು. ಮೇಡಮ್ಮು ನಗು ತಡೆಯಲಾರದೆ ನನ್ನ ಕುರ್ಚಿ ಹಿಡಿದುಕೊಂಡರು. "ಇಳಿಯಿರಿ, ಅವು ಅಲ್ಲೇ ಇರಲಿ. ಶನಿವಾರದಿಂದ ನೀವು ಖಾಯಂ." ರೂವಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಅಷ್ಟು ಸುಖವಾಗಿ ನಾನು ಯಾವತ್ತೂ ಅತ್ತಿಲ್ಲ. ದೆವ್ವದ ಕತೆ ಹೇಳುತ್ತಿದ್ದ ನನ್ನ ಅಜ್ಜಿಗೂ ಹೊಳೆಯದ ಮಾತನ್ನು ಆ ಮಗು ಹೇಳಿತ್ತು. ಅಂದಿನಿಂದ ಮನೆಯಲ್ಲಿ ಸದ್ದಾದರೆ, ಯಾರೋ ಹೊರಟರು ಎಂದುಕೊಳ್ಳುವುದು ರೂಢಿಯಾಯಿತು.

ಇಷ್ಟನ್ನು ಬರೆದು ಇವರಿಗೆ ಓದಿಹೇಳಿದೆ. ನಾನು ಹೆದರುತ್ತಿದ್ದೆನೆಂದು ಒಪ್ಪಿಕೊಂಡದ್ದು ಇದೇ ಮೊದಲು. ಇವರು ಪೇಪರ್ ಮಡಚಿಟ್ಟರು.

"ಕ್ಯಾಂಪಿನಲ್ಲಿ ನಾನು ರೇಡಿಯೋ ಹಾಕಿಯೇ ಮಲಗ್ತಿದ್ದೆ. ಅರಬ್ಬಿ ನ್ಯೂಸ್ ಕೇಳ್ಬೇಕು ಅಂತ ಎಲ್ಲರಿಗೂ ಹೇಳ್ತಿದ್ದೆ."

"ನಿಮಗೆ ಅರಬ್ಬಿ ಎಲ್ಲಿ ಬರ್ತಿತ್ತು?"

"ಬರ್ತಿರಲಿಲ್ಲ," ಎಂದರು.