ಮಂದಿ ಮಕ್ಕಳಿಗಷ್ಟೇ ತಿಗರಿ

ತಿಗರಿಯ ಮೇಲೆ ಆಗತಾನೇ ಎದ್ದುನಿಂತಿದ್ದ ಪುಟ್ಟ ಕುಡಿಕೆಯನ್ನು ಕುಂಬಾರರು ಅಂಗೈಯಿಂದ ಅಪ್ಪಳಿಸಿ ಮುದ್ದೆ ಮಾಡಿದರು. ಅದನ್ನು ಮಾಡಿದ್ದವಳು ಅವರ ಮಗಳೇ, ಹನ್ನೆರಡರ ಹರೆಯದ ಮಲ್ಲಮ್ಮ.

ಸೇಡಂನಲ್ಲಿ ಮಕ್ಕಳಿಗಾಗಿ ಏರ್ಪಡಿಸಿದ್ದ ಕುಂಬಾರಿಕೆ ಶಿಬಿರವದು. ನನ್ನ ಮಗಳೂ ಸೇರಿದಂತೆ ಹಲವು ಹುಡುಗಿಯರಿಗೆ ಅವರು ತಿಗರಿ ತಿರುಗಿಸುವುದನ್ನು, ಮಣ್ಣನ್ನು ಅದರ ನಡುವಿಗೆ ತಂದು ನಿಲ್ಲಿಸುವುದನ್ನು ತಾಳ್ಮೆಯಿಂದ ಕಲಿಸುತ್ತಿದ್ದರು. ಮಲ್ಲಮ್ಮನ ಪಾಲಿಗೆ ಇದ್ದುದು ಮಣ್ಣು ತುಳಿದು ಹದಮಾಡಿ ಕೊಡುವ ಕೆಲಸವೊಂದೇ. ಚಹಾದ ಬಿಡುವಿನಲ್ಲಿ ಖಾಲಿ ತಿಗರಿ ಕಂಡು, ಅವಳು ಮೊದಲ ಸಲ ಅದರ ಮುಂದೆ ಕುಳಿತಿದ್ದಳು.

“ನಮ್ಮ ಮನ್ಯಾಗ ಹೆಣ್ಮಕ್ಕಳು ತಿಗರಿ ಮುಟ್ಟಂಗಿಲ್ರಿ,” ಎಂದರು ಕುಂಬಾರರು.

“ಮುಂಜಾನಿಂದ ಈ ಹುಡುಗ್ಯಾರೆಲ್ಲ ಮುಟ್ಟಲಿಕತ್ತಾರಲ್ರಿ. ಇವರೇನು ಗಂಡಸರಾ?” ಎಂದೆ.

“ಅವರು ಮಂದಿ ಮಕ್ಕಳು ಬಿಡ್ರಿ ಮೇಡಂ. ಆಟಕ್ಕ ಬಂದಾರ.”

ಮಲ್ಲಮ್ಮ ಅಳಲಿಲ್ಲ. “ಅಪ್ಪಾ, ಅದರ ಬಾಯಿ ಸೊಟ್ಟ ಆಗಿದ್ದಿಲ್ಲ. ನೀ ನೋಡಿದಿಲ್ಲ?” ಎಂದಷ್ಟೇ ಕೇಳಿದಳು. ತಂದೆ ಅದೇ ಮುದ್ದೆಯನ್ನು ತಿಗರಿಯ ನಡುವೆ ಸರಿಪಡಿಸಿ, ನನ್ನ ಮಗಳನ್ನು ಕರೆದು, “ಬಾರವ್ವಾ, ಈಗ ನೀ ಕುಂದ್ರು,” ಎಂದರು. ಬೇಡವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ತಿಗರಿ ತಿರುಗತೊಡಗಿತ್ತು.

ಅಂದು ನನ್ನ ಮಗಳು ಮಾಡಿದ, ಅವರು ಸುಟ್ಟು ಕೊಟ್ಟ ಕುಡಿಕೆ ಈಗ ನಮ್ಮ ಪಡಸಾಲೆಯಲ್ಲಿದೆ. ಬಂದವರೆಲ್ಲ ನನ್ನ ಮಗಳನ್ನು ಹೊಗಳುತ್ತಾರೆ. ನನಗೆ ಮಾತ್ರ ಪ್ರತಿಸಲವೂ ಸಿಟ್ಟು ನೆತ್ತಿಗೇರುತ್ತದೆ. ಅದು ಮಲ್ಲಮ್ಮನ ಕೈಯಿಂದ ಕಿತ್ತುಕೊಂಡ ಮಣ್ಣು.