ತೆಳು ಗಾಜಿಗೆ ಕುಂಕುಮ ಇಟ್ಟವಳು

ಆಯುಧಪೂಜೆಯ ದಿನ ನಾನೊಂದು ಅನಾಹುತ ಮಾಡಿದೆ. ಒದ್ದೆ ಬೆರಳಿನಿಂದ ಕುಂಕುಮ ತೆಗೆದು ಗಾಜಿಗೆ ಇಟ್ಟುಬಿಟ್ಟೆ.

ನಮ್ಮ ತಂಗಿ ಮಗಳು ಭವ್ಯ ಮುದ್ದೇನಹಳ್ಳಿ ಹತ್ತಿರದ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಲ್ಯಾಬ್ ಪೂಜೆಗೆ ಬಾ ಅಂದಳು, ಚಿಂತಾಮಣಿಯಿಂದ ಬಸ್ ಹತ್ತಿದೆ. ಮೆಷಿನ್‌ಗಳಿಗೆಲ್ಲ ಆಗಲೇ ಕುಂಕುಮ ಬಿದ್ದಿತ್ತು. ಮೇಜಿನ ಮೇಲೆ ಐದು ಪುಟ್ಟ ಹೊಳೆಯುವ ತುಂಡುಗಳು ಮಾತ್ರ ಬಾಕಿ. (ಹಬ್ಬದ ದಿನ ಹಾಗೇ ಬಿಡೋದುಂಟೇ?) ತುದಿಯದಕ್ಕೆ ಮೊದಲು ಇಟ್ಟೆ.

"ದೊಡ್ಡಮ್ಮಾ!" ಭವ್ಯ ಚೀರಿದಳು.

ಐದರಲ್ಲಿ ಅದೇ ಅತಿ ತೆಳು. ಮಿಕ್ಕ ನಾಲ್ಕರ ಅಳತೆ ಮುಗಿದಿತ್ತು. ಲೋಹದ ಮೇಲೆ ಕೂತ ಗಾಜಿನ ಪದರ (ಇವರ ಮಾತಲ್ಲಿ ಫಿಲ್ಮ್), ಕೂದಲಿನ ಸಾವಿರದಲ್ಲೊಂದು ಪಾಲು ದಪ್ಪ. ಅದರೊಳಗಿಂದ ಲಿಥಿಯಂ ಅಯಾನುಗಳು, ಅಂದರೆ ಚಾರ್ಜ್ ಹೊತ್ತ ಕಣಗಳು, ದಾಟಬೇಕು. ಮುಂದೆ ಬ್ಯಾಟರಿಯಲ್ಲಿ ದ್ರವದ ಬದಲು ಇಂಥ ಗಾಜು ಹಾಕುವ ಆಸೆ. ದಾರಿ ಚಿಕ್ಕದಾದರೆ ಬೇಗ ದಾಟುತ್ತವೆ, ಸರಿ. ಆ ಲಾಭವನ್ನು ಪಕ್ಕಕ್ಕಿಟ್ಟರೂ, ಪದರ ತೆಳುವಾದಂತೆ ಅವುಗಳ ಓಡಾಟ ಸಲೀಸಾಗುತ್ತದೆಯೇ? ಹುಡುಗಿಯ ಮೂರು ವರ್ಷ ನಿಂತಿರುವುದು ಇದೊಂದೇ ಪ್ರಶ್ನೆಯ ಮೇಲೆ. ಸೋಮವಾರ ಗೈಡ್‌ಗೆ ರಿಸಲ್ಟ್ ತೋರಿಸಬೇಕಿತ್ತು.

"ಒರೆಸಿದ್ರೆ ಹೋಗಲ್ವೇನಮ್ಮ?"

"ಒರೆಸಿದ್ರೆ ಫಿಲ್ಮೂ ಹಾಳಾಗುತ್ತೆ. ನೀರು ತಾಕಿದ್ಮೇಲೆ ಅದರ ಅಳತೆ ನಂಬೋಕಾಗಲ್ಲ."

ನಾನು ಜಾಣತನ ತೋರಿಸಿದೆ. ಓಡಾಟ ಎಷ್ಟು ಸಲೀಸು ಅಂತ ತೋರಿಸುವ ಅವಳ ಗ್ರಾಫಿನಲ್ಲಿ ಅಳೆದ ನಾಲ್ಕರ ಚುಕ್ಕೆಗಳು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದವು. "ಐದನೇದೂ ಅಲ್ಲೇ ಬರುತ್ತೆ, ಸ್ಕೇಲಿಟ್ಟು ಗೆರೆ ಎಳಿಯೇ." (ಬಿಎಸ್ಸಿ ಪ್ರಾಕ್ಟಿಕಲ್ಸ್ ನಾನು ಪಾಸಾಗಿದ್ದೇ ಹೀಗೆ. ನೀವು?)

"ಹಂಗಾದ್ರೆ ನಾನ್ಯಾಕೆ ಇಲ್ಲಿರ್ಬೇಕು ದೊಡ್ಡಮ್ಮ? ತೆಳೂದು ಏನ್ ಮಾಡುತ್ತೆ ಅಂತ ತೆಳೂದನ್ನೇ ಕೇಳ್ಬೇಕು."

ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಅಲ್ಲೇ ಗೈಡ್‌ಗೆ ಫೋನ್ ಮಾಡಿದಳು. ನಾಲ್ಕರಲ್ಲೇ ಮುಗಿಸಿಬಿಡಮ್ಮ ಅಂದರಂತೆ ಅವರೂ. "ಆಗಲ್ಲ ಸಾರ್, ಒಂದ್ ವಾರ ಕೊಡಿ." ದನಿ ಮೆತ್ತಗಿತ್ತು, ಆದರೆ ಬಗ್ಗುವ ದನಿಯಲ್ಲ. ಹಬ್ಬದ ರಜೆಯಲ್ಲಿ ಎಲ್ಲರೂ ಊರಿಗೆ ಹೊರಟರೆ ಇವಳು ಕೂದಲು ಎತ್ತಿ ಕಟ್ಟಿ, ಅಷ್ಟೇ ತೆಳುವಾದ ಹೊಸ ಫಿಲ್ಮ್ ತಯಾರಿಸಲು ಮೆಷಿನ್ ಆನ್ ಮಾಡಿದಳು. ನಾನು ತಂದಿದ್ದ ಒಬ್ಬಟ್ಟಿನ ಡಬ್ಬಿ ಮುಚ್ಚಳ ಕೂಡ ತೆಗೆಯಲಿಲ್ಲ.

ಮೊದಲ ಫಿಲ್ಮ್ ಬಿರುಕು ಬಿಟ್ಟಿತು. ಎರಡನೆಯದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೂರನೆಯದು ನಿಂತಿತು.

ಮೊನ್ನೆ ಫೋನ್ ಬಂತು. "ದೊಡ್ಡಮ್ಮ, ನಿನ್ ಗೆರೆ ಸುಳ್ಳು! ಮೂರ್ ಸಲ ಅಳೆದೆ. ತೆಳೂದ್ರಲ್ಲಿ ಅಯಾನು ಇನ್ನೂ ಸಲೀಸಾಗಿ ಓಡ್ತವೆ. ಯಾಕೆ ಅಂತ ಗೊತ್ತಿಲ್ಲ, ಒಂಚೂರೂ ಗೊತ್ತಿಲ್ಲ!"

'ಗೊತ್ತಿಲ್ಲ' ಅನ್ನುವುದನ್ನು ಇಷ್ಟು ಖುಷಿಯಿಂದ ಹೇಳಿದವರನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ?