ಬಾಯಮ್ಮ ಇಗರ್ಜಿಗೆ ಹೋಗದ ಹಬ್ಬ

ಮೊನ್ನೆ ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿದಾಗ ಪಕ್ಕದ ಸೀಟಿನಲ್ಲಿ ಒಬ್ಬಳು ಪುಟ್ಟ ಹುಡುಗಿ ಹೂವಿನ ಬುಟ್ಟಿಯನ್ನು ಮಡಿಲಲ್ಲಿಟ್ಟು ಕೂತಿದ್ದಳು. ದಾಸವಾಳ, ಗೊರಟೆ, ಗದ್ದೆ ಬದುವಿನ ಹೆಸರಿಲ್ಲದ ಹಳದಿ ಹೂಗಳು... ಅರ್ಧ ಬಾಡಿದ ಆ ಹೂಗಳ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಹತ್ತು ವರ್ಷದವಳಾಗಿಬಿಟ್ಟೆ.

ಐವತ್ತರ ದಶಕದ ಮಾತು. ನಮ್ಮ ಮನೆ ಇದ್ದದ್ದು ಪಾಣೆಮಂಗಳೂರಿನಿಂದ ಸ್ವಲ್ಪ ಒಳಗೆ. ಬೇಲಿಯಾಚೆಯದು ಕ್ರಿಶ್ಚಿಯನ್ನರ ಮನೆ. ಆ ಮನೆಯ ಹಿರಿಯಾಕೆಯನ್ನು ಊರೆಲ್ಲ ಬಾಯಮ್ಮ ಎಂದು ಕರೆಯುತ್ತಿತ್ತು, ನಾವೂ ಹಾಗೆಯೇ. ಗಂಡ ತೀರಿಹೋದ ಮೇಲೆ ಮಕ್ಕಳನ್ನು ಒಬ್ಬರೇ ದಡ ಸೇರಿಸಿದವರು. ಸಂಜೆ ಇಗರ್ಜಿಯ ಗಂಟೆ ಕೇಳಿದರೆ ಕೈಯಲ್ಲಿದ್ದ ಸೌಟನ್ನೂ ಕೆಳಗಿಟ್ಟು ಶಿಲುಬೆ ಗುರುತು ಮಾಡುತ್ತಿದ್ದರು. ಆಮೇಲೆ ಮನೆಮಂದಿಯೆಲ್ಲ ಮೊಣಕಾಲೂರಿ ಜಪಸರ ಹೇಳುವ ಸದ್ದು ನಮ್ಮ ಜಗಲಿಗೂ ಕೇಳುತ್ತಿತ್ತು.

ಮೊಂತಿ ಹಬ್ಬ ಬಂತೆಂದರೆ ನನಗೂ ಅವರ ಮೊಮ್ಮಗಳಿಗೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮಾತೆ ಮರಿಯಮ್ಮನ ಹುಟ್ಟಿದ ಹಬ್ಬ, ಹೊಸ ತೆನೆಯ ಹಬ್ಬ ಅದು. ಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ಮಕ್ಕಳು ಇಗರ್ಜಿಗೆ ಹೂ ಒಯ್ಯಬೇಕು. ಬೆಳಕು ಹರಿಯುವ ಮೊದಲೇ ನಾವಿಬ್ಬರೂ ಬದುಗಳಲ್ಲಿ ಓಡುತ್ತಿದ್ದೆವು. ಆದರೆ ನಾನು ಇಗರ್ಜಿಯ ಒಳಗೆ ಹೋದವಳಲ್ಲ, ಹೂ ಕೊಯ್ಯುವುದಷ್ಟೇ. ಆ ವರ್ಷ ಬಾಯಮ್ಮನೇ ಅಮ್ಮನ ಹತ್ತಿರ ಕೇಳಿದರು, "ಹಬ್ಬದ ದಿನ ಇವಳನ್ನೂ ಕರೆದುಕೊಂಡು ಹೋಗ್ತೇನೆ, ಆಗಬಹುದಲ್ಲ?" ತುಂಬು ಬಸುರಿ ಅಮ್ಮ ನಗುತ್ತಾ ಒಪ್ಪಿದಳು. ನನಗೆ ಎರಡು ದಿನ ಊಟವೇ ಸೇರಲಿಲ್ಲ.

ಹಬ್ಬದ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಿದ್ದೆ. ಅಮ್ಮನ ಕೈ ಇದ್ದಕ್ಕಿದ್ದಂತೆ ನಿಂತಿತು. ಗೋಡೆ ಹಿಡಿದು ಕೂತಳು. ಅಪ್ಪ ಬೆಳ್ತಂಗಡಿಗೆ ಹೋಗಿದ್ದರು. ಸೂಲಗಿತ್ತಿ ಹೊಳೆಯಾಚೆ. ಹಿಂದಿನ ದಿನದ ಮಳೆಗೆ ನೀರು ಏರಿ ದೋಣಿ ಬಿಟ್ಟಿರಲಿಲ್ಲ. "ಬಾಯಮ್ಮನನ್ನು ಕರಿ" ಎಂದಳು ಅಮ್ಮ. ಅರ್ಧ ಜಡೆಯಲ್ಲೇ ಓಡಿದೆ.

ಅವರು ಆಗಲೇ ಹಳ್ಳದ ಮೇಲಿನ ಮರದ ಸಂಕ ದಾಟುತ್ತಿದ್ದರು. ಹಬ್ಬಕ್ಕೆಂದೇ ತೆಗೆದಿಟ್ಟ ಸೀರೆ, ತಲೆಯ ಮೇಲೆ ಬಿಳಿ ಹೊದಿಕೆ, ಕೈಯಲ್ಲಿ ಜಪಸರ, ಹೂವಿನ ಬುಟ್ಟಿ. ನಾನು ಏದುಸಿರಿನಲ್ಲಿ ಏನು ಹೇಳಿದೆನೋ ನೆನಪಿಲ್ಲ... ಅವರ ಮಗ ಮಾತ್ರ, "ಅಮ್ಮಾ, ಇವತ್ತು ಹಬ್ಬದ ಪೂಜೆ. ಬೇರೆ ಯಾರನ್ನಾದರೂ ಕಳಿಸುವ" ಎಂದದ್ದು ನೆನಪಿದೆ. ಜೀವಮಾನದಲ್ಲಿ ಅವರು ಆ ಪೂಜೆ ತಪ್ಪಿಸಿದವರಲ್ಲ.

ಬಾಯಮ್ಮ ಒಂದು ಗಳಿಗೆ ಇಗರ್ಜಿಯ ದಿಕ್ಕಿಗೆ ನೋಡಿದರು. ಆಮೇಲೆ ಜಪಸರವನ್ನು ಸೊಂಟಕ್ಕೆ ಸಿಕ್ಕಿಸಿ ತಿರುಗಿದರು. "ನೀವೆಲ್ಲ ಹೋಗಿ" ಎಂದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. "ಮಗಾ, ನೀನೂ ಹೋಗು. ನನ್ನ ಪಾಲಿನ ಹೂ ನೀನು ಹಾಕು."

"ಅಮ್ಮ..." ಎಂದೆ.

"ಅಮ್ಮನ ಹತ್ತಿರ ನಾನಿದ್ದೇನಲ್ಲ. ಅಲ್ಲಿ ನೀನು ಕೇಳಿಕೋ, ಇಲ್ಲಿ ನಾನು ನೋಡಿಕೊಳ್ತೇನೆ."

ಹಾಗೆ ಅವರು ನಮ್ಮ ಮನೆಗೆ ಹೋದರು, ನಾನು ಅವರ ಇಗರ್ಜಿಗೆ. ನೂರಾರು ಮಕ್ಕಳು ಹಾಡುತ್ತಾ ಹೂ ಎರಚುತ್ತಿದ್ದರು. ನನಗೆ ಹಾಡೂ ಬರದು, ಪಾದ್ರಿಯವರ ಭಾಷೆಯೂ ತಿಳಿಯದು. ಬುಟ್ಟಿಯ ಹೂವನ್ನೆಲ್ಲ ಎರಡೂ ಕೈಯಲ್ಲಿ ಎತ್ತಿ ಎತ್ತಿ ಹಾಕಿದೆ. "ಅಮ್ಮನಿಗೆ ಏನೂ ಆಗದಿರಲಿ" ಎಂಬ ಒಂದೇ ಮಾತನ್ನು ತುಳುವಿನಲ್ಲಿ ಹೇಳುತ್ತಲೇ ಇದ್ದೆ. ಹೆದರಿಕೆಯೂ ಸಂಭ್ರಮವೂ ಹಾಗೆ ಒಟ್ಟಿಗೆ ಎದೆಯಲ್ಲಿ ಕುಣಿದದ್ದು ಮತ್ತೆಂದೂ ಇಲ್ಲ.

ಹಿಂತಿರುಗುವಾಗ ಮೊಮ್ಮಗಳ ಕೈಯಲ್ಲಿ ಆಶೀರ್ವದಿಸಿದ ತೆನೆ. ನಮ್ಮ ಅಂಗಳಕ್ಕೆ ಕಾಲಿಡುವಾಗ ಒಳಗಿನಿಂದ ಮಗುವಿನ ಅಳು ಕೇಳಿತು. ಬಾಗಿಲಲ್ಲಿ ಬಾಯಮ್ಮ. ಹಬ್ಬದ ಸೀರೆಯ ಸೆರಗು ಸೊಂಟಕ್ಕೆ ಸುತ್ತಿತ್ತು, ತಲೆ ಕೆದರಿತ್ತು. "ತಮ್ಮ ಬಂದ" ಎಂದು ನಕ್ಕರು.

ಮಗು ಹುಟ್ಟಿದಾಗ ಉಸಿರೇ ಎತ್ತಿರಲಿಲ್ಲವಂತೆ. ಬಾಯಮ್ಮ ಅದನ್ನು ತಲೆಕೆಳಗು ಹಿಡಿದು, ಬೆನ್ನು ತಟ್ಟುತ್ತಾ, ಮರಿಯಮ್ಮನನ್ನು ಗಟ್ಟಿಯಾಗಿ ಕೂಗುತ್ತಾ ಅಳಿಸಿದರಂತೆ. ಪ್ರಸಾದ ಸ್ವೀಕರಿಸಬೇಕೆಂದು ಹಿಂದಿನ ರಾತ್ರಿಯಿಂದ ಒಂದು ಹನಿ ನೀರೂ ಕುಡಿಯದ ಹೆಂಗಸು, ಅಮ್ಮನಿಗೆ ಗಂಜಿ ಕುಡಿಸಿದ ಮೇಲೆಯೇ ತನ್ನ ಮನೆಗೆ ಹೊರಟದ್ದು. ಅಲ್ಲಿ ಅವರ ಮಕ್ಕಳು ಯಾರೂ ಉಂಡಿರಲಿಲ್ಲ. ಎಲೆ ಹಾಕಿ ಕಾಯುತ್ತಿದ್ದರು.

ಮುಂದಿನ ಭಾನುವಾರ ಅವರು ಪಾದ್ರಿಯವರಲ್ಲಿ ಪೂಜೆ ತಪ್ಪಿಸಿದ್ದನ್ನು ಹೇಳಿಕೊಂಡರಂತೆ. "ಪಾದ್ರಿಯವರು ಬೈಯಲಿಲ್ಲ, ಮಗು ಹೇಗಿದೆ ಅಂತ ಕೇಳಿದರು" ಎಂದು ಅಮ್ಮನ ಎದುರು ಎಷ್ಟೋ ಸಲ ಹೇಳಿ ಹಿಗ್ಗಿದರು.

ತಮ್ಮನಿಗೆ ಮೂರು ತುಂಬುವ ಹೊತ್ತಿಗೆ ಬಾಯಮ್ಮ ತೀರಿಕೊಂಡರು. ನಾನಾಗ ಓದಲೆಂದು ಮೂಡಬಿದ್ರೆಯ ಚಿಕ್ಕಮ್ಮನ ಮನೆಯಲ್ಲಿದ್ದೆ. ಸುದ್ದಿ ತಲುಪುವಾಗ ಮಣ್ಣು ಮಾಡಿ ಆಗಿತ್ತು. ಕೊನೆಗೊಮ್ಮೆ ನೋಡಲಾಗಲಿಲ್ಲ ಎಂಬುದು ಇಂದಿಗೂ...

ಬಸ್ಸಿಳಿದು ತಮ್ಮನ ಮನೆಗೆ ಹೋದೆ. ಅವನೀಗ ಅಜ್ಜ. ಬಾಯಮ್ಮನ ಮಾತು ತೆಗೆದಾಗ, "ಅವರು ಹೇಗಿದ್ದರು ಅಕ್ಕಾ? ನನಗೆ ಮುಖವೇ ನೆನಪಿಲ್ಲ" ಎಂದ. ಅವರದೊಂದು ಫೋಟೋ ಕೂಡ ಎಲ್ಲೂ ಇಲ್ಲ. ಹೇಳಲು ಹೊರಟೆ. ದನಿ ನೆನಪಾಯಿತು, ನಡಿಗೆ ನೆನಪಾಯಿತು. ಕಣ್ಣು, ಮೂಗು, ಹಣೆ ಎಲ್ಲ ಎಲ್ಲೋ ಅಳಿಸಿಹೋಗಿತ್ತು.

"ನೀನು ಹುಟ್ಟಿದ ದಿನ ತುಂಬ ನಗುತ್ತಿದ್ದರು" ಎಂದೆ. ಅಷ್ಟು ಮಾತ್ರ ನನಗೆ ಖಂಡಿತವಾಗಿ ಗೊತ್ತಿತ್ತು.